ಮಗ್ಗದ ಬಿಲ್ಲೆ

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು. ಹಗಲು ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ನೆಲ ಗುಡಿಸಿ, ಸಂಜೆ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತವನು. ಪುಕ್ಕಟೆ ಸಿಕ್ಕಿದ್ದರ ಮೇಲೆ ನನಗೆ ನಂಬಿಕೆ ಕಡಿಮೆ.

ಸಾಫ್ಟ್‌ವೇರ್ ಕೆಲಸ ಸಿಕ್ಕ ಮೇಲೆ ಹತ್ತಿದ ಚಟ ಒಂದೇ: ಇಂಗ್ಲೆಂಡಿನ ಹಳೆಯ ತಾಮ್ರದ ಟೋಕನ್ನುಗಳು. ಹಿಂದೆ ಅಲ್ಲಿ ಚಿಲ್ಲರೆಗೆ ಬರ ಬಂದಾಗ ಅಂಗಡಿಯವರು, ಗಿರಣಿಯವರು ತಾವೇ ಅಚ್ಚು ಹಾಕಿಸಿ ನಾಣ್ಯದ ಬದಲು ಓಡಿಸಿದ ಬಿಲ್ಲೆಗಳವು. ಭಾನುವಾರ ಬಂದರೆ ಬೇಗಂ ಬಜಾರಿನ ಹಳೇ ತಾಮ್ರದ ಅಂಗಡಿಗಳಲ್ಲಿ ಒಡೆದ ಹಂಡೆ, ಬೀಗಗಳ ರಾಶಿಗೆ ಕೈ ಹಾಕಿ ಕೂರುತ್ತಿದ್ದೆ. ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿದ್ದು ಬೆರಳೆಣಿಕೆ. ನೇಕಾರನ ಚಿತ್ರವಿರುವ ಬಿಲ್ಲೆಯೂ ಉಂಟೆಂದು ಓದಿದ್ದೆ. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯ್ದೇ ನನ್ನ ಕಾಲೇಜಿನ ಫೀಸು ಕಟ್ಟಿದ್ದ. ಹಾಗಾಗಿ ನಿಜವಾಗಿ ಬೇಕಿದ್ದದ್ದು ಅದೊಂದೇ.

ಅದು ಬಂದದ್ದು ಪಕ್ಕದ ಮೇಜಿಗೆ. ನನ್ನನ್ನು ಬಿಟ್ಟು ಕಂಪನಿ ಲಂಡನ್ನಿಗೆ ಕಳಿಸಿದ್ದ ಮೈಸೂರಿನ ಸಹೋದ್ಯೋಗಿ, ಚಾಕಲೇಟಿನ ಜೊತೆಗೆ ಅಲ್ಲಿನ ಸಂತೆಯಲ್ಲಿ ಕೊಂಡ ಬಿಲ್ಲೆಯೊಂದನ್ನು ತಂದಿದ್ದ. ಮಗ್ಗದ ಮುಂದೆ ಬಾಗಿ ಕೂತ ನೇಕಾರ; ಬೆನ್ನು ಥೇಟ್ ಅಪ್ಪನದೇ. ಕೈಗೆತ್ತಿಕೊಂಡು ತಿರುವಿ ತಿರುವಿ ನೋಡಿದೆ.

“ಇಷ್ಟ ಆಯ್ತಾ? ಇಟ್ಕೊಳ್ಳಿ ಸಾರ್” ಅಂದ.

“ಪುಕ್ಕಟ ಬ್ಯಾಡ್ರಿ. ನನ್ನ ಹತ್ರ ಹಡಗಿನ ಬಿಲ್ಲೆ ಐತಿ. ಅದನ್ನ ತಗೊಂಡು ಇದನ್ನ ಕೊಡ್ರಿ.”

ಹಡಗು ಕಟ್ಟಿಕೊಂಡು ತಾನೇನು ಮಾಡಲಿ ಎಂದು ನಕ್ಕು, ತನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ. ಮುಂದಿನ ತಿಂಗಳು ನೋಡಿದರೆ ಅವನ ಹೊಸ ಕಾರಿನ ಕೀಲಿಗೆ ನೇತಾಡುತ್ತಿತ್ತು. ಸರಿಯಾಗಿ ನೇಕಾರನ ತಲೆಯ ಮೇಲೆ ತೂತು ಕೊರೆಸಿದ್ದ.

ಲಿಂಗಂಪಲ್ಲಿಯ ಮನೆಗೆ ಬಂದು ಹೆಂಡತಿಯ ಮುಂದೆ ಅವನನ್ನು ಬಾಯಿಗೆ ಬಂದಂತೆ ಬೈದೆ. ಬೆಲೆ ಗೊತ್ತಿಲ್ಲದವರ ಕೈಗೇ ಎಲ್ಲ ಹೋಗುತ್ತದೆ ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು: “ಕೊಟ್ಟಾಗ ಕೈ ಒಡ್ಡಲಿಲ್ಲ. ಈಗ ಯಾಕ ಕುದಿಯಾಕತ್ತೀರಿ? ತೂತಿದ್ರೂ ಅದ ಬೇಕಂದ್ರ ಹೋಗಿ ಕೇಳ್ರಿ.”

ಕೇಳಿದೆ. ಯಾರ ಬಳಿಯೂ ಹಾಗೆ ಕೇಳಿದವನಲ್ಲ ನಾನು.

“ಆಗ್ಲೇ ತಗೋಬಾರ್ದಿತ್ತಾ ಸಾರ್? ಈಗ ನನ್ನ ಹೆಂಡ್ತಿ ಬಿಡಲ್ಲ. ಅದು ಮನೆಗೆ ಬಂದ ಮೇಲೇ ಕಾರು ಬಂದಿದ್ದು ಅಂತಾಳೆ.”

ಆಮೇಲೆ ದಿನಾ ಬೆಳಿಗ್ಗೆ ಅವನು ಕೀಲಿಯನ್ನು ಮೇಜಿನ ಮೇಲೆ ಎಸೆದ ಸದ್ದಿಗೆ ತಲೆ ಎತ್ತುತ್ತಿದ್ದೆ. ಬಿಲ್ಲೆಯ ಮಗ್ಗವಿದ್ದ ಮುಖ ಮೇಲಾಗಿ ಬಿದ್ದ ದಿನ ನನ್ನ ಕೆಲಸ ಸಾಗುತ್ತಿರಲಿಲ್ಲ.