ನೀಲಾ ಮತ್ತು ಅಪ್ಪನ ರೇಸಿನ ಕಾರು

ಪ್ರಜ್ವಲ, ಸಹನಾ, ಮೊನ್ನೆ ನೀವು ಅಂಗಳದಲ್ಲಿ ಕಾರಿನ ಬಾನೆಟ್ ತೆರೆದು ಪ್ಲಗ್ಗು, ಕಾಯಿಲ್ಲು ಬದಲಿಸುವಾಗ ನಾನು ಎದ್ದು ಒಳಗೆ ಹೋದೆ. ಯಾಕೆ ಎಂದು ಕೇಳಿದಿರಿ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗಿನ ಕಾಲಕ್ಕೆ ನಮ್ಮ ಯಳವತ್ತಿಯಲ್ಲಿ ಇದ್ದದ್ದು ಒಂದೇ ಕಾರು, ನಮ್ಮ ಅಪ್ಪನದು. ಹುಬ್ಬಳ್ಳಿಯ ಯಾರೋ ಸಾಹುಕಾರರು ರೇಸಿಗೆ ಓಡಿಸಿ ಬಿಟ್ಟದ್ದನ್ನು ತಂದು, ತಾನೇ ಬಿಚ್ಚಿ, ತಾನೇ ಜೋಡಿಸಿ, ಬಾಡಿಗೆಗೆ ಓಡಿಸುತ್ತಿದ್ದ. ಅದರ ಸಪ್ಪಳಕ್ಕೆ ಎತ್ತುಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಗದಗಿನ ಬಸ್ಸನ್ನು ಹಿಂದೆ ಹಾಕಿದ ದಿನ ಅಪ್ಪ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಳ್ಳುತ್ತಿದ್ದ.

ಮೆಣಸಿನಕಾಯಿ ಸುಗ್ಗಿ. ಅಂಗಳ, ಮಾಳಿಗೆ ಎಲ್ಲ ಕೆಂಪು. ನಾನೂ ನನ್ನ ತಂಗಿ ನೀಲಾಳೂ ಮಾಳಿಗೆಯ ಮೂಲೆಯಲ್ಲಿ ಗಜಗ ಆಡುತ್ತಿದ್ದೆವು. ಸೋತರೆ ಅವಳು ಗಜಗದ ಬೀಜಗಳನ್ನೆಲ್ಲ ಲಂಗದಲ್ಲಿ ಮುಚ್ಚಿಕೊಂಡು, "ಇನ್ನೊಂದ ಆಟ ಆಡಿದ್ರ ಕೊಡ್ತೇನಿ" ಎನ್ನುತ್ತಿದ್ದಳು. ಆ ಸುಗ್ಗಿಯಲ್ಲಿ ಊರಲ್ಲಿ ಕೆಮ್ಮದವರೇ ಇರುವುದಿಲ್ಲ. ಘಾಟಿಗೆ ನಾಯಿಯೂ ಸೀನುತ್ತದೆ. ಹಾಗಾಗಿ ನೀಲಾ ಕೆಮ್ಮಿದಾಗ ಯಾರೂ ತಿರುಗಿ ನೋಡಲಿಲ್ಲ. ಆಯಿ, ಅಂದರೆ ಅಪ್ಪನ ಅವ್ವ, ಬೆಲ್ಲ ಕೊಟ್ಟಳು. ಒಂದು ಮುಂಜಾನೆ ನೋಡಿದರೆ ನೀಲಾಳ ಗಂಟಲು ಬಾತಿತ್ತು, ಉಸಿರು ಸಿಳ್ಳಿನಂತೆ ಕೇಳುತ್ತಿತ್ತು. ಊರಿನ ಕಂಪೌಂಡರ್ ಬಾಯೊಳಗೆ ನೋಡಿ, ಇದು ಗಂಟಲಮಾರಿ, ಈಗಿಂದೀಗಲೇ ಗದಗಿನ ದವಾಖಾನೆಗೆ ಒಯ್ಯಿರಿ ಎಂದ. ಮುಂಜಾನೆಯ ಬಸ್ಸು ಆಗಲೇ ಹೋಗಿತ್ತು.

ಅಪ್ಪ ಕಾರು ಚಾಲೂ ಮಾಡಿದ. ಅದು ಗುರ್ ಎಂದು ಸುಮ್ಮನಾಯಿತು. ಪ್ಲಗ್ಗು ಬಿಚ್ಚಿದ, ಮಸಿ ಹಿಡಿದಿದ್ದವು. ಹೊಸವನ್ನು ಹಾಕಿದ. ಆದರೂ ಚಾಲೂ ಆಗಲಿಲ್ಲ. ಒಂದು ಪ್ಲಗ್ಗನ್ನು ವಾಯರಿಗೆ ಸಿಕ್ಕಿಸಿ, ಇಂಜಿನ್ನಿಗೆ ತಾಗಿಸಿ ಹಿಡಿದು, ನನಗೆ ಕೀಲಿ ತಿರುವಲು ಹೇಳಿದ. ಕಿಡಿ ಬರಲಿಲ್ಲ. ಬ್ಯಾಟರಿಯ ಕರೆಂಟನ್ನು ಜೋರು ಮಾಡಿ ಪ್ಲಗ್ಗಿಗೆ ಕಳಿಸುವ ಕಾಯಿಲ್ ಸುಟ್ಟಿತ್ತು. ಹಳೆಯದೊಂದು ಲಕ್ಷ್ಮೇಶ್ವರದ ಮಿಸ್ತ್ರಿಯ ಹತ್ತಿರ ಇತ್ತು. ಅಪ್ಪ ಬಾನೆಟ್ಟಿನಿಂದ ತಲೆ ಎತ್ತದೆ ಆಯಿಗೆ ಹೇಳಿದ: "ತಮ್ಮನ್ನ ಲಕ್ಷ್ಮೇಶ್ವರಕ್ಕ ಕಳಸು, ಕಾಯಿಲ್ ತರಲಿ. ಜಲ್ದಿ."

ಆಯಿ ಹಿತ್ತಲಿಗೆ ಓಡಿ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಹೇಳಿದಳು. ಕಾಕಾ ಸೈಕಲ್ ಹತ್ತಿ ಹೋದ. ಅವ್ವ ಕಟ್ಟೆಯ ಮೇಲೆ ನೀಲಾಳನ್ನು ಮಡಿಲಲ್ಲಿ ಹಾಕಿಕೊಂಡು ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಮೆಣಸಿನಕಾಯಿ ಘಾಟಿನಲ್ಲಿ ಪೆಟ್ರೋಲಿನ ವಾಸನೆ ಸೇರಿತ್ತು. ಅಪ್ಪ ಸುಟ್ಟ ಕಾಯಿಲ್ ಬಿಚ್ಚಿಟ್ಟು ದಾರಿ ನೋಡುತ್ತ ನಿಂತಿದ್ದ.

ಕಾಕಾ ಬೆವರು ಸುರಿಸುತ್ತ ಬಂದು ಚೀಲದಿಂದ ತೆಗೆದದ್ದು ಎರಡು ಹೋಳು ತೆಂಗಿನಕಾಯಿ, ಮೇಲೆ ಕುಂಕುಮ. "ಲಕ್ಷ್ಮೇಶ್ವರದ ಗುಡಿಯೊಳಗ ಒಡಿಸ್ಕೊಂಡ ಬಂದೇನಿ ಅಣ್ಣಾ. ಈ ಕುಂಕುಮ ಗಾಡಿಗೆ ಹಚ್ಚು."

ಅಪ್ಪ ಹೋಳು ನೋಡಿದ, ಆಯಿಯನ್ನು ನೋಡಿದ. "ಕಾಯಿಲ್ ಅಂದಿದ್ನೆಲ್ಲ ಯವ್ವಾ."

"ಕಾಯಿ ಅಂತನ ಕೇಳ್ತಪಾ ನನಗ," ಎಂದಳು ಆಯಿ.

ಅಪ್ಪ ಸೈಕಲ್ ಕಸಿದುಕೊಂಡು ತಾನೇ ಹೋಗಿ ತಂದ. ಕಾಯಿಲ್ ಕೂರಿಸಿದ. ಕೀಲಿ ತಿರುವಿದ ಕೂಡಲೇ ಕಾರು ಗರ್ಜಿಸಿತು. ಕಾಕಾ ಗೋಡೆಗೆ ಮುಖ ಮಾಡಿ ಅತ್ತ.

ನಾನು ಹಿಂದಿನ ಸೀಟಿನಲ್ಲಿ ನೀಲಾಳ ಪಾದ ಹಿಡಿದು ಕುಳಿತಿದ್ದೆ. ಅಪ್ಪ ಅಷ್ಟು ಜೋರಾಗಿ ಎಂದೂ ಓಡಿಸಿರಲಿಲ್ಲ. ಮುಳಗುಂದ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಅವ್ವ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಸಾವಕಾಶ ಹೋಗ್ರಿ. ಇನ್ನ ಅವಸರ ಇಲ್ಲ," ಎಂದಳು.

ಅಪ್ಪ ಕಾರು ನಿಲ್ಲಿಸಲಿಲ್ಲ, ತಿರುಗಿಸಲೂ ಇಲ್ಲ. ಎತ್ತಿನ ಗಾಡಿಯಷ್ಟು ಮೆಲ್ಲಗೆ ಗದಗಿನವರೆಗೂ ನಡೆಸಿದ.

ಆಯಿಯನ್ನು ಯಾರೂ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಆಕೆ ಯಾರು ಏನು ಹೇಳಿದರೂ, ಮತ್ತೊಮ್ಮೆ ಹೇಳು ಎನ್ನುತ್ತಿದ್ದಳು, ಸಾಯುವ ತನಕ. ಈಗ ಆ ಬೇನೆ ಬಾರದಂತೆ ಎಳೆಗೂಸಿಗೇ ಸೂಜಿ ಹಾಕುತ್ತಾರೆ. ನೀಲಾಳ ಒಂದು ಫೋಟೋ ಇಲ್ಲ. ಶಾಲೆಗೆ ಹಾಕಿರಲಿಲ್ಲ, ಅಲ್ಲಿಯೂ ಹೆಸರಿಲ್ಲ. ಅವಳನ್ನು ಕಂಡವರೆಲ್ಲ ಹೋದರು. ನಾನು ಹೇಳಿಕೊಂಡಿದ್ದು ನಿಮ್ಮ ಅಜ್ಜನಿಗೊಬ್ಬರಿಗೆ, ಅವರೂ ಹೋದರು. ಅವಳ ಮುಂದಿನ ಹಲ್ಲು ಬಿದ್ದಿತ್ತು, ನಕ್ಕರೆ ನಾಲಿಗೆ ಹೊರಗೆ ಇಣುಕುತ್ತಿತ್ತು; ಇದು ಈಗ ಗೊತ್ತಿರುವುದು ನನಗೊಬ್ಬಳಿಗೇ. ನಾನೂ ಹೋದ ಮೇಲೆ ಅವಳು ಇರುವುದು ಇಲ್ಲಿಯೇ. ಈ ಹಾಳೆಗಳು ರದ್ದಿಗೆ ಹೋಗದಂತೆ ಜೋಪಾನವಾಗಿ ತೆಗೆದಿಡಿರಿ.