ಹನುಮಂತರಾಯಪ್ಪ ಎಂಬ ಫೋಲ್ಡರ್

ಚಿರೋಟಿ ತಿನ್ನುತ್ತಿರುವ ಈ ದಪ್ಪ ಮೀಸೆಯ ಯಜಮಾನರು ಯಾರು?

ಹೋದ ತಿಂಗಳು ನಮ್ಮ ಮನೆಯಲ್ಲಿ ಎದ್ದರೂ ಕೂತರೂ ಇದೇ ಪ್ರಶ್ನೆ. ಕೊಡಿಗೇನಹಳ್ಳಿಯ ನನ್ನ ಅಕ್ಕ ಗಿರಿಜಕ್ಕನ ಮಗಳು ಚೈತ್ರಳ ಮದುವೆ ಆಲ್ಬಂ ಬಂದಿತ್ತು. ಎಲ್ಲರೂ ಸುತ್ತ ಕೂತು ಪುಟ ತಿರುಗಿಸಿದೆವು. ಧಾರೆ ಚೆನ್ನಾಗಿ ಬಂದಿದೆ, ಮಾಂಗಲ್ಯಧಾರಣೆ ಚೆನ್ನಾಗಿ ಬಂದಿದೆ. ಊಟದ ಪುಟ ತೆರೆದರೆ, ಪುಟದ ತುಂಬಾ ಈ ಯಜಮಾನರು! ಎಡಗೈಯಲ್ಲಿ ಮೀಸೆ ಎತ್ತಿ ಹಿಡಿದು ಬಲಗೈಯಲ್ಲಿ ಹಾಲು ಸೋರುವ ಚಿರೋಟಿಯನ್ನು ಬಾಯಿಗಿಡುತ್ತಿದ್ದಾರೆ. ಆಸುಪಾಸಿನ ಎಲೆಗಳಲ್ಲಿ ಕೂತವರೂ ಗೊತ್ತಿಲ್ಲದ ಮುಖಗಳೇ.

"ಗಂಡಿನ ಕಡೆಯೋರಿರ್ಬೇಕು ಬುಡು" ಅಂದರು ಭಾವ. ಬೀಗರಿಗೆ ಫೋನ್ ಮಾಡಿದೆವು. ಅವರು ಅತ್ತಲಿಂದ ಗಾಬರಿಯಾದರು. "ಅಯ್ಯೋ, ನಾವು ನಿಮ್ಮ ದೊಡ್ಡಪ್ಪನೋರು ಅಂದ್ಕೊಂಡು ಫೋಟೋಗೇ ಕೈ ಮುಗಿದ್ವಲ್ರೀ!"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಯಾಕೆಂದರೆ ಆ ಪುಟದಲ್ಲಿ ಇರಬೇಕಾಗಿದ್ದದ್ದು ಅವಳ ನಗು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕನಿಗೆ ಮುಂದಿನ ಹಲ್ಲು ಒಂದರ ಮೇಲೊಂದು ಹತ್ತಿಕೊಂಡಿದೆ. ಹಾಗಾಗಿ ನಗು ಬಂದ ಕೂಡಲೇ ಸೆರಗು ಬಾಯಿಗೆ ಹೋಗುತ್ತದೆ. ಫೋಟೋ ಅಂದರೆ ಮುಗಿಯಿತು, ತುಟಿ ಬಿಗಿದು ಆಧಾರ್ ಕಾರ್ಡಿನ ಮುಖ ಮಾಡಿಕೊಂಡು ನಿಲ್ಲುತ್ತಾಳೆ. ಅವಳ ಮದುವೆಯ ಫೋಟೋದಲ್ಲೂ ಅದೇ ಮುಖ. (ಪಕ್ಕದಲ್ಲಿ ನಿಂತ ಭಾವನನ್ನು ನೋಡಿದರೆ ಅದಕ್ಕೆ ಬೇರೆ ಕಾರಣವೂ ಇರಬಹುದು ಅನ್ನಿಸುತ್ತದೆ. ಅದು ಬೇರೆ ಮಾತು.)

ಚೈತ್ರಳ ಮದುವೆಯಲ್ಲಿ ಆ ದಾಖಲೆ ಮುರಿಯಿತು. ಗಂಡು ಹೆಣ್ಣು ಭೂಮದೂಟಕ್ಕೆ ಕೂತಿದ್ದರು. ಹೆಂಡತಿಯ ಹೆಸರು ಹೇಳದೆ ತುತ್ತು ಕೊಡಬಾರದು ಎಂದು ಹೆಂಗಸರೆಲ್ಲ ಅಳಿಯನನ್ನು ಸುತ್ತಿಕೊಂಡರು. ಪಾಪ, ಬೆವರು ಒರೆಸಿಕೊಂಡು, ಕಣ್ಣು ಮುಚ್ಚಿ, ಜೋರಾಗಿ ಹೇಳಿಯೇ ಬಿಟ್ಟ: "ಗಿರಿಜಾ!"

ಅತ್ತೆಯ ಹೆಸರು!

ಅವನ ತಪ್ಪೇನಿಲ್ಲ. ಚೈತ್ರಳ ಸಿಮ್ ತೆಗೆಸಿದ್ದು ಅಮ್ಮನ ಆಧಾರ್ ಮೇಲೆ. ನಿಶ್ಚಿತಾರ್ಥ ಆದಾಗಿನಿಂದ ಅವಳು ಫೋನ್ ಮಾಡಿದಾಗೆಲ್ಲ ಅವನ ಮೊಬೈಲಿನಲ್ಲಿ ಹೊಳೆದದ್ದು ಸಿಮ್ ಯಾರ ಹೆಸರಲ್ಲಿದೆಯೋ ಅವರ ಹೆಸರು, "ಗಿರಿಜಾ". ಅಷ್ಟು ದಿನ ಯಾವ ಹೆಸರು ನೋಡಿ ಎದೆ ಡಬಡಬ ಅಂದಿತ್ತೋ ಅದೇ ಹೆಸರು ಬಾಯಿಗೆ ಬಂತು. ಇಡೀ ಛತ್ರ ಹೋ ಎಂದಿತು. ಅಕ್ಕ ನಕ್ಕಳು ನೋಡಿ! ಸೆರಗಿನ ನೆನಪೇ ಇಲ್ಲ. ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಮ್ಮ ಫೋಟೋಗ್ರಾಫರ್ ನಾಗಣ್ಣ ಅದನ್ನು ಕ್ಲಿಕ್ಕಿಸಿ, ಕ್ಯಾಮೆರಾ ತಂದು ಅವಳಿಗೇ ತೋರಿಸಿದ. "ಅಯ್ಯೋ, ಇದು ನಾನೇನಪ್ಪಾ?" ಅಂದಳು. ಆಮೇಲೆ ಮೆಲ್ಲಗೆ, "ಇದನ್ನ ದೊಡ್ಡದಾಗಿ ಹಾಕಪ್ಪ" ಅಂದಳು. ನಾಗಣ್ಣ ಆ ಫೋಟೋದ ನಂಬರ್ ಬರೆದುಕೊಂಡ. ತನ್ನ ಫೋಟೋ ದೊಡ್ಡದಾಗಿ ಬೇಕು ಎಂದು ಅವಳು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಈಗ ಆ ಜಾಗದಲ್ಲಿ ಚಿರೋಟಿ!

ಮಾರನೇ ದಿನವೇ ಅಕ್ಕನನ್ನು ಕರೆದುಕೊಂಡು ಮಧುಗಿರಿಯ ಸ್ಟುಡಿಯೋಗೆ ಹೋದೆ. ನಾಗಣ್ಣ ಆಲ್ಬಂ ನೋಡಿ ತಲೆ ಕೆರೆದುಕೊಂಡ.

"ಅವತ್ತು ಎರಡು ಮದ್ವೆ ಇತ್ತು ಮೇಡಂ. ನಿಮ್ದು ನಾನು ತೆಗ್ದೆ. ಪಾವಗಡದ್ದು ನಮ್ಮ ಬಾಮೈದ ತೆಗ್ದ. ಇಬ್ರೂ ಈ ಕಂಪ್ಯೂಟ್ರಿಗೇ ಹಾಕಿದ್ವಿ. ಹೆಣ್ಣಿನ ಅಪ್ಪನ ಹೆಸ್ರಲ್ಲಿ ಫೋಲ್ಡರ್ ಮಾಡೋದು ನಮ್ಮ ಪದ್ಧತಿ."

"ನಮ್ಮ ಭಾವನ ಹೆಸರು ಹನುಮಂತರಾಯಪ್ಪ."

"ಪಾವಗಡದೋರ ಹೆಸ್ರೂ ಅದೇಯಾ" ಅಂದ ನಾಗಣ್ಣ, ತಣ್ಣಗೆ.

ಮಿಕ್ಕಿದ್ದು ನನಗೆ ಅರ್ಥವಾಯಿತು. ಜೊತೆಯಲ್ಲೇ ಕೊಂಡ ಒಂದೇ ಥರದ ಎರಡು ಕ್ಯಾಮೆರಾ. ಎರಡೂ ತಮ್ಮಷ್ಟಕ್ಕೆ ತಾವು ಫೋಟೋಗಳಿಗೆ ಒಂದರ ನಂತರ ಒಂದು ನಂಬರ್ ಕೊಡುತ್ತಾ ಹೋಗಿವೆ. ಊಟದ ಹೊತ್ತಿಗೆ ಎರಡರ ನಂಬರುಗಳೂ ಡಿಕ್ಕಿ ಹೊಡೆದಿವೆ. ನಾಗಣ್ಣ ನಮ್ಮ ಫೋಟೋಗಳನ್ನು ಮೊದಲು ಹಾಕಿದ್ದ. ಬಾಮೈದ ಬಂದವನು ಹನುಮಂತರಾಯಪ್ಪ ಫೋಲ್ಡರ್ ನೋಡಿ, ಇದು ನಮ್ಮದೇ ಎಂದು ತನ್ನದನ್ನೂ ಅದಕ್ಕೇ ಸುರಿದ.

"ಇದೇ ಹೆಸರಿನ ಫೈಲ್ ಆಗಲೇ ಇದೆ, ರೀಪ್ಲೇಸ್ ಮಾಡ್ಲಾ ಅಂತ ಕಂಪ್ಯೂಟರ್ ಕೇಳಿರಬೇಕಲ್ಲ?"

"ಅದೇನೋ ಇಂಗ್ಲಿಷಲ್ಲಿ ಕೇಳ್ತಂತೆ. ಇವ್ನು ಯೆಸ್ ಟು ಆಲ್ ಒತ್ತಿಬುಟ್ಟವ್ನೆ."

ಹೇಳಿ, ನಾವೆಲ್ಲ ಬದುಕಿನಲ್ಲಿ ಓದದೆ ಒತ್ತಿದ ಯೆಸ್‌ಗಳು ಒಂದೇ ಎರಡೇ?

"ಮತ್ತೆ ಆಲ್ಬಂ ಮಾಡೋವಾಗ ಗೊತ್ತಾಗ್ಲಿಲ್ವಾ, ಇವರ್ಯಾರೋ ಬೇರೆಯವರು ಅಂತ?"

"ಹೆಂಗೆ ಗೊತ್ತಾಗ್ತದೆ ಮೇಡಂ? ನಂಗೆ ನೀವೂ ಬೇರೆಯವ್ರೇ ಅಲ್ವಾ?"

ಇಂಥ ಎಡವಟ್ಟಿಗೆ ನಾವೇ ಸಿಗಬೇಕೇ? ಅದರಲ್ಲೂ ನಾನು! ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ, ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಪ್ರತಿಯೊಂದು ಡಾಕ್ಯುಮೆಂಟಿಗೂ ಜಗತ್ತಿನಲ್ಲಿ ಇನ್ನೊಂದಕ್ಕೆ ಇರದ ಐಡಿ ಕೊಡಬೇಕು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಪ್ರತಿ ವರ್ಷ ಆಕಳಿಸುತ್ತಾರೆ. ಕೊಡುವುದೇನು ಕಷ್ಟ, ಒಂದು ಎರಡು ಮೂರು ಅಂತ ಕೊಟ್ಟರಾಯಿತು ಎನ್ನುವುದು ಅವರ ವಾದ. ಕೊಡುವವರು ಒಬ್ಬರೇ ಆದರೆ ಸರಿ. ಇಬ್ಬರು ಎರಡು ಊರಲ್ಲಿ ಕೂತು ಒಂದೇ ಹೊತ್ತಿಗೆ ಕೊಟ್ಟರೆ? ಹಾಗಂತ ಪ್ರತಿ ಸಲ "ಈ ನಂಬರ್ ಯಾರಾದ್ರೂ ತಗೊಂಡಿದೀರಾ?" ಎಂದು ಊರೆಲ್ಲ ವಿಚಾರಿಸುತ್ತಾ ಕೂತರೆ ಸಾವಿರಾರು ಜನ ಕಾಯುವ ಕಡೆ ಕೆಲಸ ಸಾಗುತ್ತದಾ? ಅದಕ್ಕೇ ಕೆಲವರು ಮುಂಚೆಯೇ ನಂಬರುಗಳ ಕಟ್ಟು ಹಂಚಿಬಿಡುತ್ತಾರೆ, ಈ ಕೌಂಟರಿಗೆ ಇಷ್ಟು, ಆ ಕೌಂಟರಿಗೆ ಇಷ್ಟು ಅಂತ. ಇನ್ನು ಕೆಲವರು ಕಂಪ್ಯೂಟರಿನಿಂದ ಉದ್ದೋಉದ್ದದ ಅಡ್ಡಾದಿಡ್ಡಿ ಅಕ್ಷರಗಳನ್ನು ಉದುರಿಸುತ್ತಾರೆ. ಅದು ಡಿಕ್ಕಿ ಹೊಡೆಯುವುದಿಲ್ಲ, ನಿಜ. ಆದರೆ ನಾಲಿಗೆಯ ಮೇಲೂ ನಿಲ್ಲುವುದಿಲ್ಲ. ನನಗೆ ಇಷ್ಟವಾದದ್ದು ಸರಳ ದಾರಿ: ಮೊದಲು ಹೊತ್ತು, ಆಮೇಲೆ ಯಾವ ಯಂತ್ರ, ಕೊನೆಗೆ ಎಷ್ಟನೆಯದು. ಯಾರನ್ನೂ ಕೇಳಬೇಕಾಗಿಲ್ಲ. ಹುಡುಕುವಾಗಲೂ ಸಾಲಾಗಿ ಸಿಗುತ್ತವೆ.

ನಿಜ ಹೇಳಬೇಕೆಂದರೆ ನಮ್ಮ ಕಡೆಯ ಜನ ಇದನ್ನು ಯಾವತ್ತೋ ಮಾಡಿಕೊಂಡಿದ್ದಾರೆ. ಶಿರಾ ಬಸ್ ಸ್ಟ್ಯಾಂಡಿನಲ್ಲೋ ಕೊರಟಗೆರೆ ಸಂತೆಯಲ್ಲೋ ನಿಂತು "ಹನುಮಂತರಾಯಪ್ಪಾ!" ಎಂದು ಒಮ್ಮೆ ಕೂಗಿ ನೋಡಿ. ತಿರುಗಿ ನೋಡುವವರನ್ನೆಲ್ಲ ಕರೆದು ಕೂರಿಸಿದರೆ ಒಂದು ಪಂಕ್ತಿ ಊಟ ಹಾಕಬಹುದು. ಅದಕ್ಕೇ ಟ್ಯಾಂಕ್ ಹನುಮಂತರಾಯಪ್ಪ, ಗಿರಣಿ ಹನುಮಂತರಾಯಪ್ಪ, ಬುಲೆಟ್ ಹನುಮಂತರಾಯಪ್ಪ. (ಬುಲೆಟ್ ಮಾರಿ ಎಷ್ಟೋ ಕಾಲವಾಯಿತು, ಐಡಿ ಬದಲಾಗಿಲ್ಲ. ಒಮ್ಮೆ ಕೊಟ್ಟ ಐಡಿ ಬದಲಾಗಬಾರದು ಎನ್ನುವುದೂ ನನ್ನ ಪಾಠದಲ್ಲಿದೆ.) ನಮ್ಮ ಭಾವ ದಿನಸಿ ಹನುಮಂತರಾಯಪ್ಪ. ಅಕ್ಕ? ದಿನಸಿ ಹನುಮಂತರಾಯಪ್ಪನ ಹೆಂಡತಿ. ಅಷ್ಟೇ.

ಪಾಠ ನನ್ನ ತಲೆಯಲ್ಲಿ ಓಡುತ್ತಿದ್ದರೆ ಅಕ್ಕ ಸ್ಟೂಲಿನ ಮೇಲೆ ಕೂತು ಆಲ್ಬಂ ಮುಚ್ಚಿಟ್ಟಳು. "ಹೋಗ್ಲಿ ಬುಡಪ್ಪ. ನಂದೇನು ಮಹಾ" ಅಂದಳು. ಕ್ಯಾಮೆರಾದ ಕಾರ್ಡಿನ ಮೇಲೆ ಆಗಲೇ ಬೇರೆ ಮದುವೆಗಳು ಕೂತಿದ್ದವು. ಎಲ್ಲ ದಾರಿಯೂ ಮುಚ್ಚಿತ್ತು.

ಅಷ್ಟರಲ್ಲಿ ನಾಗಣ್ಣ ಕುರ್ಚಿಯಿಂದ ಎದ್ದು ನಿಂತ.

"ತಡೀರಿ ಮೇಡಂ! ಮದ್ವೆ ಆದ ಮಾರ್ನೇ ದಿನ ಬೆಳಿಗ್ಗೇನೇ ಪಾವಗಡದೋರು ಪೆನ್‌ಡ್ರೈವ್ ಕೇಳ್ಕೊಂಡು ಬಂದಿದ್ರು. ನಾನು ಹನುಮಂತರಾಯಪ್ಪ ಅಂತ ಹುಡುಕಿ, ಇದ್ದ ಫೋಲ್ಡರ್ ಅಂಗೇ ಕಾಪಿ ಮಾಡಿ ಕೊಟ್ಟೆ. ಬಾಮೈದ ತನ್ನ ಫೋಟೋ ಹಾಕಿದ್ದು ಸಂಜೆ!"

ಅಂದರೆ ಬೆಳಿಗ್ಗೆ ಆ ಫೋಲ್ಡರಿನಲ್ಲಿ ಇದ್ದದ್ದು ನಮ್ಮ ಮದುವೆ ಮಾತ್ರ! ಪಾವಗಡಕ್ಕೆ ಹೋಗಿದ್ದು ನಾವು!

ಪಾವಗಡಕ್ಕೆ ಫೋನ್ ಹೋಯಿತು. ಹೌದಂತೆ. ಪೆನ್‌ಡ್ರೈವ್ ಹಾಕಿದರೆ ಯಾರದೋ ಮದುವೆ ಬಂತಂತೆ. ಬಾಮೈದ ಸದ್ದಿಲ್ಲದೆ ಇನ್ನೊಂದು ಕೊಟ್ಟು ಬಂದಿದ್ದನಂತೆ, ನಾಗಣ್ಣನ ಹತ್ತಿರ ಉಗಿಸಿಕೊಳ್ಳುವುದು ಯಾಕೆ ಎಂದು. ಹಳೆಯದನ್ನು ಯಾರೂ ವಾಪಸ್ ಕೇಳಲಿಲ್ಲ. ಅವರು ಅಳಿಸಲೂ ಇಲ್ಲ. ಕೆಡಿಸಿದ್ದೂ ಹನುಮಂತರಾಯಪ್ಪ, ಉಳಿಸಿದ್ದೂ ಹನುಮಂತರಾಯಪ್ಪ.

ಭಾನುವಾರ ಅಕ್ಕ, ಭಾವ, ನಾನು ಪಾವಗಡದ ಬಸ್ ಹತ್ತಿದೆವು. ಅವರ ಮನೆಯ ಬಾಗಿಲು ತಟ್ಟಿದರೆ, ತೆರೆದದ್ದು ಯಾರು? ಅದೇ ಮೀಸೆ!

ಭಾವನಿಗೆ ತಡೆಯಲಾಗಲಿಲ್ಲ. "ನಮಸ್ಕಾರ. ನಾನೂ ಹನುಮಂತರಾಯಪ್ಪನೇಯಾ. ನಮ್ಮ ಆಲ್ಬಂನಲ್ಲಿ ನೀವು ಚೆನ್ನಾಗಿ ಊಟ ಮಾಡಿದೀರಿ ಕಣ್ರೀ!"

ಯಜಮಾನರು ಮೀಸೆ ಕುಣಿಯುವ ಹಾಗೆ ನಕ್ಕರು. ಒಳಗಿನಿಂದ ಅವರ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. ಭಾವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೀದಾ ಅಕ್ಕನ ಎರಡೂ ಕೈ ಹಿಡಿದುಕೊಂಡು ಗಂಡನನ್ನು ಕೂಗಿದರು.

"ಏಮಂಡಿ, ಇಲ್ನೋಡಿ! ನಮ್ಮ ನಗೋ ಅಮ್ಮ ಬಂದ್ಬುಟ್ರು!"

ಅಕ್ಕ ತಬ್ಬಿಬ್ಬಾದಳು. "ನಗೋ ಅಮ್ಮಾನಾ?"

"ಹೂಂ ಕಣಮ್ಮ. ನಿಮ್ಮ ಹೆಸರು ನಮಗೆಂಗೆ ಗೊತ್ತಾಗ್ಬೇಕು? ನಾವೇ ಇಟ್ಕೊಂಡ್ವಿ. ಮಗಳು ಗಂಡನ ಮನೆಗೆ ಹೋದ್ಮೇಲೆ ಮನೆ ಬಿಕೋ ಅಂತಿತ್ತು. ಬೇಜಾರಾದಾಗ ಟೀವೀಲಿ ನಿಮ್ಮನ್ನ ಹಾಕ್ಕೊಂಡು ನೋಡ್ತೀವಿ. ಯಾಕೆ ನಕ್ರೋ ಏನೋ, ನೋಡಿದ್ರೆ ನಮಗೂ ನಗು ಬತ್ತದೆ. ಇವತ್ತು ಹೇಳೇಬೇಕು, ಅವತ್ತು ಅಂಥದ್ದೇನಾಯ್ತು?"

ಟೀವಿ ಹಾಕಿದರು. ಗೋಡೆಯಗಲ ಅಕ್ಕ! ತಲೆ ಹಿಂದಕ್ಕೆ ಚೆಲ್ಲಿ, ಹಲ್ಲೆಲ್ಲ ಕಾಣುವ ಹಾಗೆ. ಗುರುತಿಲ್ಲದ ಮನೆಯೊಂದರಲ್ಲಿ ಇಷ್ಟು ದಿನ ಅವಳು ಹೀಗೆ ನಗುತ್ತಲೇ ಇದ್ದಳು. ನನ್ನ ಕಣ್ಣು ತುಂಬಿಬಂತು. ಭಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇಷ್ಟು ವರ್ಷ ಸೆರಗಿನ ಹಿಂದೆ ಇದನ್ನ ಮಡಗಿದ್ಯಾ?" ಅಂದರು.

ಅಕ್ಕ ಅಳಿಯನ ಕಥೆ ಹೇಳತೊಡಗಿದಳು. "ಗಿರಿಜಾ!" ಅನ್ನುವ ಕಡೆ ಬರುವ ಹೊತ್ತಿಗೆ ಅವಳ ಕೈ ಸೆರಗಿನತ್ತ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಮಡಿಲಿಗೇ ವಾಪಸಾಯಿತು. ಎರಡು ಮದುವೆಮನೆಯ ನಗು ಒಂದೇ ಹಜಾರದಲ್ಲಿ ತುಂಬಿಹೋಯಿತು.

ಚಿರೋಟಿಯ ಪುಟವನ್ನು ಬದಲಾಯಿಸುವುದು ಬೇಡ ಎಂದಿದ್ದಾಳೆ ಅಕ್ಕ. ಪಕ್ಕದಲ್ಲಿ ಇನ್ನೊಂದು ಪುಟ ಸೇರಿಸಿದರೆ ಸಾಕಂತೆ. ನಾಗಣ್ಣ ಈಗ ಫೋಲ್ಡರಿಗೆ ತಾರೀಕು, ಊರು, ಕ್ಯಾಮೆರಾ ಎಲ್ಲ ಸೇರಿಸಿ ಹೆಸರಿಡುತ್ತಾನೆ. ಅಳಿಯ ಫೋನಿನಲ್ಲಿ ಹೆಂಡತಿಯ ಹೆಸರನ್ನು ಚೈತ್ರ ಎಂದು ಸರಿಮಾಡಿದ್ದಾನೆ. ಅತ್ತೆಯ ನಂಬರನ್ನು ಏನೆಂದು ಸೇವ್ ಮಾಡಿದ್ದಾನೆ ಎಂದು ಬೇರೆ ಹೇಳಬೇಕೆ? "ನಗೋ ಅಮ್ಮ"! ಮಧುಗಿರಿಯಿಂದ ಪಾವಗಡದ ತನಕ ಹುಡುಕಿದರೂ ಇನ್ನೊಬ್ಬರಿಗೆ ಇಲ್ಲದ, ಯಾರ ಮೇಲೂ ಕೂತು ಯಾರನ್ನೂ ಅಳಿಸದ ಐಡಿ ಅದು.

ಇಷ್ಟು ವರ್ಷ ಪಾಠ ಮಾಡಿದ ಯಾವ ವಿಧಾನವೂ ಇಷ್ಟು ಬೇಗ ಐಡಿ ಕೊಟ್ಟಿದ್ದನ್ನು ನಾನು ನೋಡಿಲ್ಲ. ಒಂದು ಸಲ ಬಾಯ್ತುಂಬ ನಕ್ಕರೆ ಸಾಕಂತೆ, ನಿಮಗೆ ಗೊತ್ತಿತ್ತಾ?