ಭರ್ತಿ ತಂಡದ ಸೆಂಟರ್

ನೋಲನ್ ಲೈಕರ್ ಆಡಿದ ಏಳು ತಂಡಗಳಲ್ಲಿ ಒಂದೂ ಈಗ ಉಳಿದಿಲ್ಲ. ಒಂದು ತಂಡ ಮುಚ್ಚಿದ್ದು ಅವನಿಗೆ ತಿಳಿದದ್ದು ಅಭ್ಯಾಸಕ್ಕೆ ಹೋದಾಗ ಬಾಗಿಲಲ್ಲಿದ್ದ ಬೀಗ ನೋಡಿ. ಇನ್ನೊಂದು ತಂಡ ಪಂದ್ಯಕ್ಕೆ ಹೊರಟು ದಾರಿಯ ಪೆಟ್ರೋಲ್ ಬಂಕಿನಲ್ಲೇ ಮುಗಿದುಹೋಯಿತು. ಬಸ್ಸಿನವನು ಎಲ್ಲರನ್ನೂ ಇಳಿಸಿ, ಚೀಲಗಳನ್ನು ಸಾಲಾಗಿ ಇಟ್ಟು, ತನ್ನ ತಪ್ಪೇನೂ ಇಲ್ಲವೆಂದು ಹೇಳಿ ವಾಪಸು ಹೋದನಂತೆ. ಮತ್ತೊಂದರಲ್ಲಿ ಅವನು ಚಾಂಪಿಯನ್ ಆಗಿದ್ದ. ಚಾಂಪಿಯನ್ನರ ಉಂಗುರ ಅಂಚೆಯಲ್ಲಿ ಬರುವ ಹೊತ್ತಿಗೆ ಆ ಲೀಗೇ ಇರಲಿಲ್ಲ. ಮುಂದೊಮ್ಮೆ ಅವನು ಸೋಲಿಸಿದವರ ಊರಿನಲ್ಲಿ ಊಟಕ್ಕೆ ಇಳಿದು ವಿಚಾರಿಸಿದರೆ, ಅಲ್ಲಿ ಅಂಥದ್ದೊಂದು ತಂಡ ಇತ್ತೆಂಬುದು ಬಡಿಸುವವಳಿಗಾಗಲಿ ಅಡುಗೆಯವನಿಗಾಗಲಿ ಗೊತ್ತಿರಲಿಲ್ಲ.

ನಾನು ಅವನನ್ನು ಕಂಡದ್ದು ಏಳನೆಯ ತಂಡದಲ್ಲಿ, ಪಶ್ಚಿಮ ಕಾನ್ಸಾಸಿನ ಕೆಲ್ಸೊ ಫೋರ್ಕಿನಲ್ಲಿ. ತಂಡದ ಹೆಸರು ಕೆಲ್ಸೊ ಬುಲ್ಸ್. ಆಟ ನಡೆಯುತ್ತಿದ್ದುದು ಜಾನುವಾರು ಪ್ರದರ್ಶನದ ಹಳೆಯ ಕಟ್ಟಡದೊಳಗೆ. ಶುಕ್ರವಾರದ ಹೋರಿ ಹರಾಜು ಮುಗಿದ ಮೇಲೆ ನಾವೇ ನೆಲ ತೊಳೆದು, ಹಸಿರು ಹಾಸಿನ ಸುರುಳಿಗಳನ್ನು ಬಿಡಿಸಿ, ಸುತ್ತಲ ಅಡ್ಡಗೋಡೆಗೆ ಮೆತ್ತೆ ಕಟ್ಟುತ್ತಿದ್ದೆವು. ಆಟ ಅಮೆರಿಕದ ಫುಟ್ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವಂಥದು; ಆದರೆ ದೊಡ್ಡ ಲೀಗಿನ ಮೈದಾನದ ಅರ್ಧ ಉದ್ದ, ಒಂದು ಕಡೆಗೆ ಎಂಟೇ ಜನ. ಚೆಂಡು ಅಪ್ಪಿಕೊಂಡು ಓಡಿದವನು ಗೋಡೆ ಹಾರಿ ಮೊದಲ ಸಾಲಿನವರ ತೊಡೆಯ ಮೇಲೆ ಬೀಳುವುದಿತ್ತು. ಜನ ಬರುತ್ತಿದ್ದುದೇ ಅದಕ್ಕೆ.

ನೋಲನ್ನನದು ಸೆಂಟರ್ ಜಾಗ. ಚೆಂಡಿನ ಮೇಲೆ ಬಾಗಿ ನಿಂತು, ಕಾಲುಗಳ ನಡುವಿನಿಂದ ಅದನ್ನು ಹಿಂದಿರುವವನ ಕೈಗೆ ಎಸೆದು, ಮರುಕ್ಷಣವೇ ಎದುರಿನಿಂದ ನುಗ್ಗುವವನನ್ನು ಎದೆಗೊಟ್ಟು ತಡೆಯುವ ಕೆಲಸ. ಚೆಂಡು ಸರಿಯಾಗಿ ಹೋದಷ್ಟು ಕಾಲ ಸೆಂಟರನ್ನು ಯಾರೂ ನೋಡುವುದಿಲ್ಲ. ವಾರದ ಉಳಿದ ದಿನ ಅವನು ಹೊಲಮನೆಗಳಿಗೆ ಗ್ಯಾಸ್ ತುಂಬುವ ಟ್ಯಾಂಕರ್ ಓಡಿಸುತ್ತಿದ್ದ. ಮೂವತ್ತನಾಲ್ಕು ವರ್ಷ. ಮುಚ್ಚಿದ ಚಪ್ಪಲಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ.

ಮೊದಲ ದಿನವೇ ಅವನು ನನ್ನನ್ನು ಕೇಳಿದ:

"ಏನ್ ಓದಿದ್ದೀಯ?"

"ಕೃಷಿ. ನಮ್ಮನೇಲಿ ಡಿಗ್ರಿ ಮಾಡಿದೋನು ನಾನೇ ಮೊದಲು."

"ಡಿಗ್ರಿ ಮಾಡಿ ಇಲ್ಲಿಗ್ ಬಂದ್ಯಾ? ಹಂಗಾದ್ರೆ ಆ ಕಾಲೇಜಿನ ಮೇಲೆ ಕೇಸ್ ಹಾಕು ಮಾರಾಯ."

ಅಂದಿನಿಂದ ತಂಡದಲ್ಲಿ ನನ್ನ ಹೆಸರು 'ಕಾಲೇಜು' ಎಂದಾಯಿತು.

ಕೆಲವು ಸಲ ಅವನ ಟ್ಯಾಂಕರಿನಲ್ಲಿ ಜೊತೆಗೆ ಹೋಗುತ್ತಿದ್ದೆ. ಪೈಪು ಜೋಡಿಸುವಾಗ ಮನೆಯವರು ಮಾತಿಗೆಳೆಯುತ್ತಿದ್ದರು. ಭಾನುವಾರ ಏನು ಮಾಡುತ್ತೀ ಎಂದರೆ ಅವನು ಫುಟ್ಬಾಲ್ ಆಡುತ್ತೇನೆ ಎನ್ನುತ್ತಿದ್ದ.

"ಯಾವ ಸ್ಕೂಲಿಗೆ ಕೋಚು?"

"ಕೋಚಲ್ಲ, ನಾನೇ ಆಡ್ತೀನಿ. ಕೆಲ್ಸೊ ಬುಲ್ಸ್."

"ಓ. ಅದು ನಿಜವಾದ ಲೀಗಾ?"

"ಬಂದು ನೋಡಿ" ಎಂದು ನಗುತ್ತಿದ್ದ. ಆಮೇಲೆ ಮುಂದಿನ ಮನೆ ಬರುವವರೆಗೂ ರೇಡಿಯೊ ಜೋರಾಗಿ ಹಾಕಿಕೊಂಡಿರುತ್ತಿದ್ದ.

ಈ ಪ್ರಶ್ನೆಯನ್ನು ಯಾರು ಕೇಳಿದರೂ ಅವನು ತಡೆದುಕೊಳ್ಳುತ್ತಿದ್ದ, ಒಬ್ಬರ ಹೊರತು. ಅವರು ಅವನ ತಂದೆ ಅಲೋಯಿಸ್ ಲೈಕರ್. ಸೇಂಟ್ ಬೋನಿಫಸ್ ಎಂಬ ಹಳ್ಳಿಯಲ್ಲಿದ್ದರು. ವೋಲ್ಗಾ ತೀರದಿಂದ ಬಂದ ಜರ್ಮನರ ಊರು, ಕಲ್ಲಿನ ಚರ್ಚು. ಜೀವಮಾನವೆಲ್ಲ ಎಣ್ಣೆ ಬಾವಿಗಳ ಪಂಪು ನೋಡಿಕೊಂಡು ನಿವೃತ್ತರಾದವರು. ಹೆಂಡತಿ ತೀರಿದ್ದರು. ನೋಲನ್ ಅವರಿಗೆ ಪ್ರತಿ ವಾರ ಫೋನ್ ಮಾಡಿ ಗೆದ್ದದ್ದೋ ಸೋತದ್ದೋ ಹೇಳುತ್ತಿದ್ದ. ಅವರು ಗಾಳಿ ಎಷ್ಟು ಜೋರಿದೆ, ಮಂಡಿ ಎಷ್ಟು ನೋಯುತ್ತಿದೆ ಎಂದು ಹೇಳುತ್ತಿದ್ದರು. ಮಗ ಆಡತೊಡಗಿ ಹನ್ನೊಂದು ವರ್ಷವಾಗಿದ್ದರೂ ಒಂದು ಪಂದ್ಯಕ್ಕೂ ಬಂದಿರಲಿಲ್ಲ.

"ಗೋಡೆ ಕಟ್ಕೊಂಡು ಒಳಗೆ ಆಡೋದು ಫುಟ್ಬಾಲಾ? ಅದು ಸರ್ಕಸ್ಸು ಕಣೋ. ಸರ್ಕಸ್ಸಾದ್ರೆ ಆನೆ ಆದ್ರೂ ಇರತ್ತೆ."

ಆ ವಸಂತದಲ್ಲಿ ನೋಲನ್, ಮೊಣಕಾಲು ಇನ್ನು ತಡೆಯುವುದಿಲ್ಲ, ಬಹುಶಃ ಇದೇ ಕೊನೆಯ ವರ್ಷ ಎಂದು ಅವರಿಗೆ ಹೇಳಿದ. ಅವರು, "ಬರೋ ಭಾನುವಾರ ಚರ್ಚಿನ ಪೂಜೆ ಮುಗಿಸ್ಕೊಂಡು ಬರ್ತೀನಿ. ನಿನ್ನ ನಂಬರೆಷ್ಟು?" ಎಂದು ಕೇಳಿದರು.

"ಐವತ್ತನಾಲ್ಕು, ಅಪ್ಪ."

ಆ ವಾರ ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಿಯನ್ನು ತಾನೇ ಒಗೆದು ಇಸ್ತ್ರಿ ಮಾಡಿದ. ಇಸ್ತ್ರಿಗೆ ನಂಬರು ಕರಗೀತು ಎಂದು ನಾವು ಕೂಗಿಕೊಂಡರೆ, ಕೆಳಗೊಂದು ಬಟ್ಟೆ ಹಾಕಿದ್ದೀನಿ ಬಿಡ್ರೋ ಎಂದ. ಮೂರನೆಯ ಸಾಲಿನಲ್ಲಿ ಕಂಬದ ಪಕ್ಕದ ಕುರ್ಚಿ ಆರಿಸಿ ಒರೆಸಿಟ್ಟ. ಹಾಸು ಹಾಸುವಾಗ ನನಗೊಬ್ಬನಿಗೇ ಹೇಳಿದ:

"ಅಪ್ಪ ಒಂದ್ಸಲ ನೋಡಿ, ಇದು ನಿಜವಾದ್ದೇ ಅಂದ್ಬಿಡ್ಲಿ ಕಾಲೇಜು. ಅಷ್ಟು ಸಾಕು. ಆಮೇಲೆ ಈ ಲೀಗು ಸತ್ರೆ ಸಾಯ್ಲಿ."

ಭಾನುವಾರ ಮಧ್ಯಾಹ್ನ ಎರಡಕ್ಕೆ ಪಂದ್ಯ. ಎದುರಾಳಿ ಬ್ಲ್ಯಾಕ್ ರಿವರ್ ಹಾರ್ನೆಟ್ಸ್. ಹತ್ತು ಗಂಟೆ ಸುಮಾರಿಗೆ ಡ್ವೈಟ್ ಕಾರ್ಮೋಡಿ ನಮ್ಮ ಕೋಣೆಗೆ ಬಂದ. ಊರಿನಲ್ಲಿ ಟ್ರ್ಯಾಕ್ಟರ್ ಟೈರುಗಳ ಅಂಗಡಿ ಇಟ್ಟಿದ್ದ ಅವನೇ ತಂಡದ ಮಾಲೀಕ, ಅವನೇ ಕೋಚು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅವನು ಟೋಪಿ ತೆಗೆದರೆ ಒಳ್ಳೆಯ ಸುದ್ದಿಯಲ್ಲ.

"ಹಾರ್ನೆಟ್ಸ್ ಬರಲ್ಲ. ಹೊರಟೇ ಇಲ್ವಂತೆ. ಅರ್ಧ ಜನ ತಂಡ ಬಿಟ್ಟೋಗಿದ್ದಾರೆ."

ಇಂಥದ್ದು ನಮಗೆ ಹೊಸತಲ್ಲ, ಅದಕ್ಕೆ ಮಾಡುವ ಉಪಾಯವೂ ಹೊಸತಲ್ಲ. ಹಿಂದಿನ ತಿಂಗಳು ಒಂದು ಪಂದ್ಯ ರದ್ದಾದಾಗ ಕಟ್ಟಡದವರು ಖಡಾಖಂಡಿತವಾಗಿ ಹೇಳಿದ್ದರು: ಇನ್ನೊಮ್ಮೆ ರದ್ದಾದರೆ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಭರ್ತಿ ತಂಡ ಕಟ್ಟಬೇಕು. ಸಣ್ಣ ಲೀಗುಗಳಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು ಇದು. ಊರಿನಲ್ಲಿ ಹಿಂದೆಂದೋ ಶಾಲೆಗೋ ಕಾಲೇಜಿಗೋ ಆಡಿದವರನ್ನು ಫೋನ್ ಮಾಡಿ ಕರೆಸುವುದು, ಬಾರದವರ ಬಣ್ಣದ ಅಂಗಿ ತೊಡಿಸುವುದು, ಬಾರದವರ ಹೆಸರನ್ನೇ ಮೈಕಿನಲ್ಲಿ ಕೂಗುವುದು. ಡ್ವೈಟ್ ಬಳಿ ಸತ್ತ ತಂಡವೊಂದರ ಕಪ್ಪು ಅಂಗಿಗಳ ಪೆಟ್ಟಿಗೆ ಇತ್ತು. ಬೆನ್ನಿನ ಹೆಸರುಗಳ ಮೇಲೆ ಕಪ್ಪು ಟೇಪು ಅಂಟಿಸಿದರೆ ಹಾರ್ನೆಟ್ಸ್ ಸಿದ್ಧ.

ಹನ್ನೆರಡರ ಹೊತ್ತಿಗೆ ಜನ ಸೇರಿದರು. ಹೆಚ್ಚಿನವರು ಮಾಂಸದ ಕಾರ್ಖಾನೆಯವರು. ಅವರಲ್ಲಿ ಎಫ್ರೇನ್ ಎಂಬುವನ ತೋಳು ಚೆನ್ನಾಗಿತ್ತು. ಕ್ವಾರ್ಟರ್‌ಬ್ಯಾಕ್ ಆಗಿ ಚೆಂಡು ಎಸೆಯುವ ಕೆಲಸ ಅವನಿಗೆ ಕೊಟ್ಟರು. ಹಿಂದಿನ ದನದ ದೊಡ್ಡಿಯಲ್ಲಿ ಒಂದಿಷ್ಟು ಅಭ್ಯಾಸ ಮಾಡಿಸಿ ನೋಡಿದಾಗ ತೊಡಕು ಕಂಡಿತು. ಸೆಂಟರ್ ಇರಲಿಲ್ಲ. ಬಾಗಿ ಚೆಂಡು ಕೊಡಲು ನಿಂತವನು ಒಂದನ್ನು ಎಫ್ರೇನನ ತಲೆಯ ಮೇಲಿಂದ ಹಾರಿಸಿದ, ಇನ್ನೊಂದನ್ನು ನೀರಿನ ತೊಟ್ಟಿಗೆ ಹಾಕಿದ.

"ಲೋ, ನಾನು ಇಲ್ಲಿದ್ದೀನಿ ಕಣೋ!" ಎಂದು ಎಫ್ರೇನ್ ಕೂಗಿದ. "ದನಕ್ಕೆ ಮೇವು ಎಸೀತಾ ಇದ್ದೀಯಾ?"

ಎಲ್ಲರೂ ನಕ್ಕರು. ಡ್ವೈಟ್ ನಗಲಿಲ್ಲ. ನೋಲನ್ನನ ಬಳಿಗೆ ಬಂದ.

"ಇವತ್ತು ನೀನು ಆ ಕಡೆ ಆಡ್ಬೇಕು."

"ಇವತ್ತು ಆಗಲ್ಲ ಡ್ವೈಟ್. ಬೇರೆ ಯಾವತ್ ಬೇಕಾದ್ರೂ ಕೇಳು."

"ಗೊತ್ತು."

"ಗೊತ್ತಿದ್ದೂ ಕೇಳ್ತೀಯಲ್ಲ! ಅವರು ಹನ್ನೊಂದು ವರ್ಷಕ್ಕೆ ಬರ್ತಿರೋದು."

"ಅದಕ್ಕೇ ಕೇಳ್ತಿರೋದು. ನಮ್ ಕಡೆ ಯಾರಾದ್ರೂ ಹೇಗೋ ಚೆಂಡು ಕೊಡ್ತಾರೆ, ಆ ಹೊಸಬರನ್ನ ನಡೆಸೋಕೆ ನೀನೇ ಬೇಕು. ಸೆಂಟರ್ ಇಲ್ದೆ ಆ ಕಡೆ ಒಂದು ಆಟಾನೂ ನಡೆಯಲ್ಲ. ಚೆಂಡು ಉರುಳಾಡತ್ತೆ, ಜನ ನಗ್ತಾರೆ. ಅರ್ಧ ಪಂದ್ಯಕ್ಕೆ ಊರಿಗೆಲ್ಲ ಗೊತ್ತಾಗತ್ತೆ. ನಿಮ್ಮಪ್ಪಂಗೆ ಐದು ನಿಮಿಷ ಸಾಕು. ಸರ್ಕಸ್ಸು ಅಂತ ಎದ್ದು ಹೋಗ್ತಾರೆ."

ನೋಲನ್ ದೊಡ್ಡಿಯ ಕಂಬಿ ಹಿಡಿದುಕೊಂಡು ನಿಂತ. ತಾನು ಐವತ್ತನಾಲ್ಕರಲ್ಲಿ ಆಡಿದರೆ ತಂದೆ ನೋಡುವುದು ನಗೆಪಾಟಲಿನ ಆಟ. ಆಟ ಆಟದಂತೆ ಕಾಣಬೇಕಾದರೆ ಐವತ್ತನಾಲ್ಕು ಇರಕೂಡದು. ಅವನು ಪೆಟ್ಟಿಗೆಯೊಳಗೆ ಕೈ ಹಾಕಿ, ತನ್ನ ಮೈಗೆ ಹಿಡಿಸುವ ಅಂಗಿ ಹುಡುಕಿದ. ಸಿಕ್ಕಿದ್ದು ಅರವತ್ತೊಂದು.

"ಟೇಪು ಇನ್ನೊಂದು ಸುತ್ತು ಹಾಕು" ಎಂದು ನನಗೆ ಬೆನ್ನು ತಿರುಗಿಸಿದ.

"ನಿಮ್ಮಪ್ಪ ಬಂದ್ಮೇಲೆ ನಾನು ಹೋಗಿ ಕಿವೀಲಿ ಹೇಳಿಬರ್ಲಾ?"

"ಏನಂತ? ಎದುರು ಆಡ್ತಿರೋರೆಲ್ಲ ನಮ್ಮೂರ ಮಾಂಸದ ಕಾರ್ಖಾನೆಯೋರು ಅಂತಾನಾ?"

ಅಲೋಯಿಸ್ ಸರಿಯಾದ ಸಮಯಕ್ಕೆ ಬಂದರು. ಚರ್ಚಿಗೆ ಹಾಕಿದ್ದ ಕೋಟೇ ಮೈಮೇಲಿತ್ತು. ಒರೆಸಿಟ್ಟ ಕುರ್ಚಿಯಲ್ಲಿ ಕೂತು, ಹ್ಯಾಟು ಮಂಡಿಯ ಮೇಲಿಟ್ಟುಕೊಂಡು, ನಮ್ಮ ಬೆಂಚಿನ ಕಡೆ ನೋಡತೊಡಗಿದರು. ಎಲ್ಲರಿಗೂ ಹೆಲ್ಮೆಟ್ಟು, ಕಾಣುವುದು ನಂಬರು ಮಾತ್ರ. ಅವರು ಒಂದೊಂದೇ ಬೆನ್ನು ನೋಡುತ್ತ ಹೋಗಿ, ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ನೋಡುತ್ತಿದ್ದರು. ನನಗೆ ಆ ಕಡೆ ನೋಡಲು ಕಷ್ಟವಾಗುತ್ತಿತ್ತು.

ನೋಲನ್ ಆಡಿದ್ದನ್ನು ಎರಡು ವರ್ಷ ನೋಡಿದ್ದೆ. ಅಂದು ಆಡಿದಂತೆ ಎಂದೂ ಆಡಿರಲಿಲ್ಲ. ಚೆಂಡು ಪ್ರತಿ ಸಲ ಎಫ್ರೇನನ ಎದೆಯ ಮಟ್ಟಕ್ಕೆ, ಕೈ ಚಾಚಿದ ಕಡೆಗೇ ಹೋಯಿತು. ಆಟ ಆಟದ ನಡುವೆ ಅವನು ಕಾರ್ಖಾನೆಯವರನ್ನು ಗುಂಪು ಸೇರಿಸಿ, ನೀನು ಇಲ್ಲಿ ನಿಲ್ಲು, ನೀನು ಇವನನ್ನು ಹಿಡಿ ಎಂದು ಮೆಲ್ಲಗೆ ಹೇಳುತ್ತಿದ್ದ. ನಮ್ಮ ಕಡೆಯ ಇಬ್ಬರನ್ನು ಅವನೊಬ್ಬನೇ ತಡೆದು ನಿಲ್ಲಿಸಿದ. ಅವರು ಅವನ ಜೊತೆಯಲ್ಲೇ ಮೂರು ವರ್ಷ ಉಂಡವರು. ಮೈಕಿನಲ್ಲಿ ಅವನನ್ನು ಟ್ರೆವರ್ ಬ್ಲೆಡ್ಸೋ ಎಂದು ಕರೆದರು. ನಿಜವಾದ ಟ್ರೆವರ್ ಬ್ಲೆಡ್ಸೋ ಆ ಹೊತ್ತಿನಲ್ಲಿ ಎಲ್ಲಿದ್ದನೋ. ಆ ಹೆಸರು ಬಂದಾಗಲೆಲ್ಲ ನಮ್ಮೂರಿನ ಜನ, ಇವನೇ ಗ್ಯಾಸ್ ತುಂಬಿಕೊಟ್ಟ ಮನೆಗಳವರು, ಬಾಯಿಗೆ ಕೈ ಅಡ್ಡ ಹಿಡಿದು 'ಬೂ' ಎಂದು ಕೂಗಿ ಛೀಮಾರಿ ಹಾಕಿದರು.

ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರ ಹೊತ್ತಿಗೆ ಅಲೋಯಿಸ್ ಐವತ್ತನಾಲ್ಕನ್ನು ಹುಡುಕುವುದು ಬಿಟ್ಟು ಆಟ ನೋಡತೊಡಗಿದ್ದರು. ಒಮ್ಮೆ ಎದ್ದೂ ನಿಂತರು. ಕೊನೆಗೆ ನಾವು ಎರಡು ಅಂಕದಿಂದ ಹೇಗೋ ಗೆದ್ದೆವು.

ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆ ನೋಲನ್ ನನ್ನ ತೋಳು ಹಿಡಿದು, "ನೀನೂ ಬಾ" ಎಂದ. ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಅಲೋಯಿಸ್ ಆಗಲೇ ಕೂತಿದ್ದರು. ಕೋಸು ಮಾಂಸ ತುಂಬಿದ ಬಿಯರಾಕ್ ಬನ್ನುಗಳನ್ನು ಮೂವರಿಗೂ ಹೇಳಿದ್ದರು. ಕಿಟಕಿಯಿಂದ ಇಳಿಬಿಸಿಲು ತಟ್ಟೆಗಳ ಮೇಲೆ ಬೀಳುತ್ತಿತ್ತು.

"ಕೂತ್ಕೊಳ್ರಪ್ಪ. ಏನೋ, ನಿನ್ನ ಆಡಿಸ್ಲೇ ಇಲ್ವಲ್ಲೋ?"

ನೋಲನ್ ಕುರ್ಚಿ ಎಳೆದುಕೊಂಡ. ಅವನ ಬಲಗೈ ಬೆರಳುಗಳ ಗಿಣ್ಣುಗಳು ಸುಲಿದು ಕೆಂಪಾಗಿದ್ದವು. ಆ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

"ಮೊಣಕಾಲು, ಅಪ್ಪ" ಎಂದ. "ಡ್ವೈಟ್ ಕೂರಿಸ್ಬಿಟ್ಟ."

"ಬೆಂಚಲ್ಲೂ ಕಾಣ್ಲಿಲ್ಲ ನೀನು."

"ಒಳಗಿದ್ದೆ. ಮಂಜುಗಡ್ಡೆ ಕಟ್ಕೊಂಡು."

ಅವರು ತಲೆಯಾಡಿಸಿ ಬನ್ನು ಮುರಿದರು. ಆಮೇಲೆ, ಮಗನ ಕಡೆ ನೋಡದೆ, ಇಷ್ಟು ಹೇಳಿದರು:

"ನಾನು ಅಂದ್ಕೊಂಡಂಗಿಲ್ಲ ಕಣೋ ಇದು. ಆ ಕಡೆ ಅರವತ್ತೊಂದು ಅಂತ ಒಬ್ಬನಿದ್ದ, ನೋಡಿದ್ಯಾ? ಅವನು ಆಟಗಾರ. ಅಂಥೋನು ಇಲ್ಲಿ ಆಡ್ತಾನೆ ಅಂದ್ರೆ ಇದು ನಿಜವಾದ ಲೀಗೇ. ಇಷ್ಟು ವರ್ಷ ಸುಮ್ನೆ ಏನೇನೋ ಅಂದೆ ನಿಂಗೆ."

ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ನೋಲನ್ನನ ಬೂಟು ನನ್ನ ಪಾದವನ್ನು ಜೋರಾಗಿ ಒತ್ತಿತು.

"ಹೌದಪ್ಪ. ಒಳ್ಳೇ ಸೆಂಟರ್ ಅವನು."

"ವಯಸ್ಸೆಷ್ಟಿರಬಹುದು?"

"ಚಿಕ್ಕೋನು."

"ಅದೇ ಮತ್ತೆ. ನೀನೇನೂ ಬೇಜಾರ್ ಮಾಡ್ಕೋಬೇಡ. ಅಂಥೋರಿರೋ ಕಡೆ ಬೆಂಚಲ್ಲಿ ಕೂತ್ರೂ ಮರ್ಯಾದೇನೇ" ಎಂದು ಅವರು ತಮ್ಮ ತಟ್ಟೆಯ ಒಂದು ಬನ್ನನ್ನು ಮಗನ ತಟ್ಟೆಗೆ ಹಾಕಿದರು. ಅವನು ಅದನ್ನು ಎಡಗೈಯಲ್ಲಿ ತಿಂದ.

ಮುಂದಿನ ಪಂದ್ಯಕ್ಕೂ ಎದುರಾಳಿ ಬರಲಿಲ್ಲ, ಆ ಸಲ ಭರ್ತಿ ಮಾಡಲು ಕಾರ್ಖಾನೆಯವರಿಗೆ ರಜೆ ಸಿಗಲಿಲ್ಲ. ಜೂನ್ ಬರುವ ಮೊದಲೇ ಬುಲ್ಸ್ ಮುಚ್ಚಿತು. ನನಗೆ ಕೌಂಟಿಯ ಕೃಷಿ ಕಚೇರಿಯಲ್ಲಿ ಕೆಲಸವಾಯಿತು. ನೋಲನ್ ಟ್ಯಾಂಕರ್ ಬಿಡಲಿಲ್ಲ, ಆದರೆ ಕೋಣೆ ಖಾಲಿ ಮಾಡಿ ಸೇಂಟ್ ಬೋನಿಫಸ್ಸಿಗೆ ಹೋದನೆಂದು ಕೇಳಿದೆ.

ಚಳಿಗಾಲದಲ್ಲಿ ಮಣ್ಣಿನ ಮಾದರಿ ತರಲು ಆ ಕಡೆ ಹೋದವನು ಚರ್ಚಿನ ಸಭಾಭವನದ ಬಾಗಿಲು ತಳ್ಳಿದೆ. ಒಳಗೆ ಒಲೆ ಉರಿಯುತ್ತಿತ್ತು. ನಾಲ್ಕೈದು ಜನ ಇಸ್ಪೀಟಾಡುತ್ತಿದ್ದರು. ಅಲೋಯಿಸ್ ನನ್ನ ಗುರುತು ಹಿಡಿದು, "ಇವನು ನಮ್ಮ ನೋಲನ್ ಜೊತೆ ಆಡ್ತಿದ್ದೋನು" ಎಂದು ಎಲ್ಲರಿಗೂ ಪರಿಚಯಿಸಿದರು. ಒಬ್ಬ ಮುದುಕ ನಗುತ್ತ, "ಯಾವುದು, ಆ ಗೋಡೆ ಒಳಗಿನ ಆಟಾನಾ?" ಎಂದ.

"ನೀನು ನೋಡಿಲ್ಲ, ನಾನು ನೋಡಿದ್ದೀನಿ" ಎಂದು ಅಲೋಯಿಸ್ ಮೇಜು ಕುಟ್ಟಿದರು. "ಹುಡುಗಾಟದ ಲೀಗಲ್ಲ ಅದು. ನನ್ನ ಮಗನಂಥೋನನ್ನೇ ಹೊರಗೆ ಕೂರಿಸ್ತಾರೆ ಅಂದ್ರೆ ಲೆಕ್ಕ ಹಾಕ್ಕೋ."

ನೋಲನ್ ಮೇಜಿನ ಆ ತುದಿಯಲ್ಲಿ ಎಲೆ ಹಂಚುತ್ತಿದ್ದ.

"ನಿಜಾನೇನೋ ನೋಲನ್?" ಎಂದು ಮುದುಕ ಕೇಳಿದ.

"ಹೂಂ" ಎಂದ ಅವನು, ತಲೆಯೆತ್ತದೆ. "ತುಂಬಾ ಒಳ್ಳೊಳ್ಳೇ ಆಟಗಾರರಿದ್ರು."

ಹಂಚಿ ಮುಗಿಸಿ, ತನ್ನ ಎಲೆಗಳನ್ನು ಎತ್ತಿ ಜೋಡಿಸಿಕೊಂಡ. ನನಗೆ ಒಂದು ಕುರ್ಚಿ ಖಾಲಿಯಿತ್ತು. ಕತ್ತಲಾಗುವ ಮೊದಲು ಇನ್ನೆರಡು ಹೊಲ ಮುಗಿಸಬೇಕಿತ್ತು, ನಾನು ಕೂರಲಿಲ್ಲ.